ಪ್ಯಾಕೇಜ್ ಮಾರುವುದು ಇಲ್ಲಿ, ಕೈ ಹಿಡಿಯುವವರು ಅಲ್ಲಿ: ಹಿಮಾಲಯ ಟೂರ್‌ನ ಕಾಣದ ಅರ್ಧ

ರಜೆ ಹತ್ತಿರ ಬಂತೆಂದರೆ ಕಾಸರಗೋಡು, ಉಪ್ಪಳದಿಂದ ಮಂಗಳೂರಿನವರೆಗೆ ನಮ್ಮ ವಾಟ್ಸ್ಯಾಪ್ ಗ್ರೂಪ್‌ಗಳಲ್ಲಿ ಪೋಸ್ಟರ್‌ಗಳ ಓಡಾಟ ಶುರು. ‘ಕಾಶ್ಮೀರ 5 ರಾತ್ರಿ, 6 ಹಗಲು’, ‘ಮನಾಲಿ ಸ್ನೋ ಟೂರ್, ಫ್ಯಾಮಿಲಿಗೆ ವಿಶೇಷ ರಿಯಾಯಿತಿ’. ಗಲ್ಫ್ ಟಿಕೆಟ್, ವೀಸಾ, ಉಮ್ರಾ ಎಂದು ಕುಳಿತಿದ್ದ ನಮ್ಮ ಟ್ರಾವೆಲ್ಸ್‌ಗಳು ಈಗ ಹಿಮಾಲಯವನ್ನೂ ಮಾರುತ್ತಿವೆ. ಒಳ್ಳೆಯ ಬೆಳವಣಿಗೆಯೇ. ಆದರೆ ಆ ಪೋಸ್ಟರ್‌ನಲ್ಲಿ ಒಂದು ವಿಷಯ ಇರುವುದಿಲ್ಲ. ಶ್ರೀನಗರದಲ್ಲೋ ಮನಾಲಿಯಲ್ಲೋ ಇಳಿದ ಮೇಲೆ ನಿಮ್ಮ ಜವಾಬ್ದಾರಿ ಯಾರದ್ದು?

ವ್ಯವಹಾರ ನಡೆಯುವುದು ಹೀಗೆ. ಇಲ್ಲಿಯ ಏಜೆಂಟ್ ಗ್ರಾಹಕನನ್ನು ಹುಡುಕಿ ಹಣ ಪಡೆಯುತ್ತಾನೆ. ಹೋಟೆಲ್, ವಾಹನ, ಡ್ರೈವರ್, ಗೈಡ್ ಎಲ್ಲವನ್ನೂ ಒದಗಿಸುವುದು ಅಲ್ಲಿಯ ಒಬ್ಬ ಸ್ಥಳೀಯ ನಿರ್ವಾಹಕ. ಈ ಲೈನ್‌ನಲ್ಲಿ ಅವನಿಗೆ ‘ಗ್ರೌಂಡ್ ಹ್ಯಾಂಡ್ಲರ್’ ಅಥವಾ ‘ಡಿಎಂಸಿ’ ಎನ್ನುತ್ತಾರೆ. ಉಮ್ರಾ ಗ್ರೂಪ್ ನಡೆಸಿದವರಿಗೆ ಇದು ಹೊಸತಲ್ಲ. ಮಕ್ಕಾದಲ್ಲಿ ಬಸ್ಸು, ರೂಮು ನೋಡಿಕೊಳ್ಳುವ ಕಂಪೆನಿ ಸರಿ ಇಲ್ಲದಿದ್ದರೆ ಊರಿನಲ್ಲಿ ಎಷ್ಟು ದೊಡ್ಡ ಬೋರ್ಡ್ ಇದ್ದರೂ ಪ್ರಯೋಜನ ಇಲ್ಲ ಎಂದು ಅವರಿಗೆ ಗೊತ್ತು. ವಿಚಿತ್ರವೆಂದರೆ, ಅಲ್ಲಿ ಅಷ್ಟು ಜಾಗ್ರತೆ ಮಾಡುವವರೂ ಹಿಮಾಲಯದ ವಿಷಯಕ್ಕೆ ಬಂದಾಗ ವಾಟ್ಸ್ಯಾಪ್‌ನಲ್ಲಿ ಬಂದ ರೇಟ್ ನೋಡಿ, ಮುಖ ಕಾಣದ ಹ್ಯಾಂಡ್ಲರ್‌ಗೆ ಅಡ್ವಾನ್ಸ್ ಹಾಕಿಬಿಡುತ್ತಾರೆ.

ಬೆಟ್ಟದ ನಿಯಮಗಳು ನಮ್ಮ ಊರಿನ ಹಾಗಲ್ಲ. ಶ್ರೀನಗರದಿಂದ ಬಂದ ಟ್ಯಾಕ್ಸಿ ಪಹಲ್‌ಗಾಮ್‌ವರೆಗೆ ಮಾತ್ರ. ಅಲ್ಲಿಂದ ಅರು, ಬೇತಾಬ್ ಕಣಿವೆ, ಚಂದನ್‌ವಾಡಿಗೆ ಸ್ಥಳೀಯ ಯೂನಿಯನ್‌ನ ಗಾಡಿಯಲ್ಲೇ ಹೋಗಬೇಕು, ಬಾಡಿಗೆ ಬೇರೆ. ಗುಲ್ಮಾರ್ಗ್‌ನ ಗೊಂಡೋಲಾ ಟಿಕೆಟ್ ಮುಂಚಿತವಾಗಿ ಆನ್‌ಲೈನ್‌ನಲ್ಲಿ ತೆಗೆಯಬೇಕು. ಮನಾಲಿಯಿಂದ ರೋಹ್ತಾಂಗ್ ಪಾಸ್‌ಗೆ ಹೋಗಲು ಪರ್ಮಿಟ್ ಬೇಕು, ದಿನಕ್ಕೆ ಇಷ್ಟೇ ಗಾಡಿ ಎಂಬ ಮಿತಿಯೂ ಉಂಟು. ಇನ್ನೊಂದು ಸಣ್ಣ ವಿಷಯ: ಹೊರರಾಜ್ಯದ ಪ್ರಿಪೇಯ್ಡ್ ಸಿಮ್ ಜಮ್ಮು-ಕಾಶ್ಮೀರದಲ್ಲಿ ಕೆಲಸ ಮಾಡುವುದಿಲ್ಲ. ಇದನ್ನು ಮೊದಲೇ ಹೇಳದಿದ್ದರೆ ಅಲ್ಲಿ ಇಳಿದ ಕೂಡಲೇ ಫೋನ್ ಸತ್ತುಹೋಗುತ್ತದೆ, ಇಲ್ಲಿ ಮನೆಯಲ್ಲಿ ಉಮ್ಮ ನಿದ್ದೆಗೆಡುತ್ತಾರೆ.

ಇವೆಲ್ಲ ಕಿರಿಕಿರಿಗಳಷ್ಟೇ. ಹವಾಮಾನ ತಿರುಗಿದಾಗ ಪ್ರಶ್ನೆ ಜೀವದ್ದು. 2023ರ ಜುಲೈ ಮಳೆಗೆ ಬಿಯಾಸ್ ನದಿ ಉಕ್ಕಿ ಮನಾಲಿಯ ರಸ್ತೆಗಳೇ ಕೊಚ್ಚಿಹೋದವು. ಸಾವಿರಾರು ಪ್ರವಾಸಿಗರು ಸಿಕ್ಕಿಬಿದ್ದರು, ಅವರಲ್ಲಿ ನಮ್ಮ ಕೇರಳದ ವೈದ್ಯಕೀಯ ವಿದ್ಯಾರ್ಥಿಗಳೂ ಇದ್ದರು. 2024ರ ಜೂನ್‌ನಲ್ಲಿ ಉತ್ತರಾಖಂಡದ ಸಹಸ್ತ್ರತಾಲ್ ಚಾರಣಕ್ಕೆ ಕರ್ನಾಟಕದಿಂದ ಹೋದ ತಂಡ ಹಿಮಗಾಳಿಗೆ ಸಿಲುಕಿತು. ಗೈಡ್‌ಗಳೂ ಸೇರಿ 22 ಮಂದಿಯಲ್ಲಿ 9 ಮಂದಿ ತೀರಿಕೊಂಡರು. ಉಳಿದವರನ್ನು ಕರೆತರಲು ಸಚಿವ ಕೃಷ್ಣ ಬೈರೇಗೌಡ ಡೆಹ್ರಾಡೂನ್‌ಗೆ ಹೋಗಬೇಕಾಯಿತು. ಇಂಥ ಹೊತ್ತಿನಲ್ಲಿ ‘ಇವತ್ತು ಮುಂದೆ ಹೋಗುವುದು ಬೇಡ’ ಎಂದು ಹೇಳಬೇಕಾದವನು ಅಲ್ಲೇ ಇರುವ ಮನುಷ್ಯ. ಮಂಗಳೂರಿನ ಆಫೀಸಿನಲ್ಲಿ ಕುಳಿತವನಿಗೆ ಅಲ್ಲಿಯ ಮೋಡ ಕಾಣುವುದಿಲ್ಲ.

ಪಹಲ್‌ಗಾಮ್ ಇದನ್ನು ಬೇರೆ ರೀತಿಯಲ್ಲಿ ತೋರಿಸಿತು. 2025ರ ಏಪ್ರಿಲ್ 22ರಂದು ಬೈಸರನ್‌ನಲ್ಲಿ ಭಯೋತ್ಪಾದಕರು 26 ಮಂದಿಯನ್ನು ಕೊಂದರು. ಶಿವಮೊಗ್ಗ, ಬೆಂಗಳೂರು, ಕೊಚ್ಚಿಯಿಂದ ಹೋದವರೂ ಅವರಲ್ಲಿದ್ದರು. ಪ್ರವಾಸಿಗರನ್ನು ಉಳಿಸಲು ಹೋಗಿ ಪ್ರಾಣ ಕೊಟ್ಟ ಸೈಯದ್ ಆದಿಲ್ ಹುಸೇನ್ ಶಾ ಕುದುರೆ ಸವಾರಿ ಮಾಡಿಸಿ ಬದುಕುತ್ತಿದ್ದವರು. ತಂದೆಯನ್ನು ಕಳಕೊಂಡ ಕೊಚ್ಚಿಯ ಮಗಳು, ಇಬ್ಬರು ಕಾಶ್ಮೀರಿ ಡ್ರೈವರ್‌ಗಳು ಅಣ್ಣತಮ್ಮಂದಿರ ಹಾಗೆ ಜೊತೆಗೆ ನಿಂತರು ಎಂದು ಮಾಧ್ಯಮಗಳ ಮುಂದೆ ಹೇಳಿದರು. ಪ್ಯಾಕೇಜ್‌ನ ಯಾವ ಸಾಲಿನಲ್ಲೂ ಅಂಥ ಸೇವೆಗೆ ರೇಟ್ ಬರೆದಿರುವುದಿಲ್ಲ ಮಾರಾಯ್ರೆ. ನಂತರ ಸರಕಾರ ಕಾಶ್ಮೀರದ 87 ಪ್ರವಾಸಿ ತಾಣಗಳಲ್ಲಿ 48ನ್ನು ಮುಚ್ಚಿತು. ಬುಕಿಂಗ್‌ಗಳು ರದ್ದಾದವು. ಹೊಡೆತ ಮೊದಲು ಬಿದ್ದದ್ದು ಡ್ರೈವರ್, ಕುದುರೆಯವರು, ಶಿಕಾರಾದವರ ಹೊಟ್ಟೆಯ ಮೇಲೆ.

ಹಾಗಾದರೆ ತಪ್ಪು ಎಲ್ಲಿ? ನನ್ನ ಮಟ್ಟಿಗೆ ಉತ್ತರ ಸರಳ: ರೇಟಿನ ಪೈಪೋಟಿಯಲ್ಲಿ. ‘ಪಕ್ಕದ ಟ್ರಾವೆಲ್ಸ್‌ನವರು ಎರಡು ಸಾವಿರ ಕಡಿಮೆಗೆ ಕೊಡ್ತಾರೆ, ನಿಮಗೆ ಆಗ್ಲಿಕ್ಕಿಲ್ವಾ?’ ಎಂದು ಗ್ರಾಹಕ ಕೇಳುತ್ತಾನೆ. ಏಜೆಂಟ್ ಅದನ್ನೇ ಹ್ಯಾಂಡ್ಲರ್‌ಗೆ ಕೇಳುತ್ತಾನೆ. ಹ್ಯಾಂಡ್ಲರ್ ಎಲ್ಲಿ ಕಡಿತ ಮಾಡಬೇಕು? ಹಳೇ ಟೈರಿನ ಗಾಡಿ, ರಾತ್ರಿಯೂ ನಿದ್ದೆ ಇಲ್ಲದ ಡ್ರೈವರ್, ಪೇಟೆಯಿಂದ ದೂರದ ಹೋಟೆಲ್. ಲಡಾಖ್ ಪ್ಯಾಕೇಜ್‌ನಲ್ಲಾದರೆ ವಿಶ್ರಾಂತಿಯ ದಿನಕ್ಕೇ ಕತ್ತರಿ. ಲೇಹ್ ಪಟ್ಟಣ ಇರುವುದು ಸುಮಾರು 3,500 ಮೀಟರ್ ಎತ್ತರದಲ್ಲಿ. ಸಮುದ್ರದ ದಡದಲ್ಲಿ ಬೆಳೆದ ನಾವು ವಿಮಾನದಲ್ಲಿ ಇಳಿದ ಮರುದಿನವೇ ಇನ್ನೂ ಎತ್ತರದ ಖರ್ದುಂಗ್ ಲಾ ಹತ್ತಲು ಹೊರಟರೆ ಉಸಿರು ಕೈಕೊಡಬಹುದು. ಆ ಎರಡು ಸಾವಿರ ಉಳಿದದ್ದು ಎಲ್ಲಿಂದ ಎಂದು ಆಗ ಗೊತ್ತಾಗುತ್ತದೆ.

‘ನಾನು ಬರೀ ಏಜೆಂಟ್, ಅಲ್ಲಿಯವರು ಮಾಡಿದ್ದಕ್ಕೆ ನಾನೇನು ಮಾಡಲಿ’ ಎಂಬ ಮಾತು ಇನ್ನು ಸುಲಭದಲ್ಲಿ ನಡೆಯದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಗ್ರಾಹಕ ತಾನು ವಾಸಿಸುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು. ಮನಾಲಿಯಲ್ಲಿ ಆದ ಮೋಸಕ್ಕೆ ಕಾಸರಗೋಡಿನಲ್ಲೇ ಕೇಸು ಹಾಕಬಹುದು. ಕೇಸು ಬೀಳುವುದು ಹಣ ಪಡೆದು ರಶೀದಿ ಕೊಟ್ಟವನ ಮೇಲೆ.

ಆದ್ದರಿಂದ ಈ ವ್ಯಾಪಾರಕ್ಕೆ ಇಳಿಯುವ ನಮ್ಮ ಯುವಕರು ಮೊದಲು ಒಮ್ಮೆ ತಾವೇ ಆ ದಾರಿಯಲ್ಲಿ ಹೋಗಿ ಬರಲಿ. ಮಂಗಳಾ ಎಕ್ಸ್‌ಪ್ರೆಸ್ ಹತ್ತಿ ದಿಲ್ಲಿಗೆ, ಅಲ್ಲಿಂದ ಮೇಲಕ್ಕೆ. 2025ರ ಜೂನ್‌ನಿಂದ ಕಟ್ರಾದಿಂದ ಶ್ರೀನಗರಕ್ಕೆ ರೈಲೂ ಉಂಟು. ಹ್ಯಾಂಡ್ಲರ್‌ನ ಆಫೀಸು, ಹೋಟೆಲ್ ರೂಮು, ಡ್ರೈವರ್‌ಗಳ ಮುಖ ನೋಡಿ ಬನ್ನಿ. ಅಲ್ಲಿಯ ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿ ಉಂಟಾ ಕೇಳಿ. ರಸ್ತೆ ಬಂದಾದರೆ ಹೆಚ್ಚುವರಿ ರಾತ್ರಿಯ ಖರ್ಚು ಯಾರದ್ದು, ಟೂರ್ ರದ್ದಾದರೆ ಎಷ್ಟು ವಾಪಸ್, ರಾತ್ರಿ 2 ಗಂಟೆಗೆ ಫೋನ್ ಎತ್ತುವವರು ಯಾರು, ಇಷ್ಟನ್ನು ಬರಹದಲ್ಲಿ ಪಡೆಯಿರಿ. ಯೂನಿಯನ್ ಗಾಡಿಯ ಬಾಡಿಗೆಯನ್ನು ಗ್ರಾಹಕನಿಗೆ ಇಲ್ಲೇ ಹೇಳಿ. ಹ್ಯಾಂಡ್ಲರ್‌ನ ಬಾಕಿಯನ್ನು ಸೀಸನ್ ಮುಗಿಯುವವರೆಗೆ ಎಳೆಯಬೇಡಿ. ಹಣ ಸಿಗದ ಹ್ಯಾಂಡ್ಲರ್ ಡ್ರೈವರ್‌ಗೆ ಕೊಡುವುದಿಲ್ಲ, ಹಣ ಸಿಗದ ಡ್ರೈವರ್ ನಡುದಾರಿಯಲ್ಲಿ ನಿಮ್ಮ ಗ್ರಾಹಕನ ಹತ್ತಿರವೇ ಕೈ ಚಾಚುತ್ತಾನೆ.

ಗ್ರಾಹಕರಿಗೂ ಒಂದು ಮಾತು. ಮುಂದಿನ ಸಲ ಪೋಸ್ಟರ್ ಬಂದಾಗ ರೇಟ್ ಕೇಳುವ ಮೊದಲು ‘ಅಲ್ಲಿ ನಿಮ್ಮವರು ಯಾರು?’ ಎಂದು ಕೇಳಿ. ಏಜೆಂಟ್ ಹೆಸರು, ನಂಬರ್ ಸಮೇತ ಉತ್ತರ ಕೊಟ್ಟರೆ ಬ್ಯಾಗ್ ಕಟ್ಟಬಹುದು. ‘ಅದೆಲ್ಲ ನಾವು ನೋಡ್ಕೊಳ್ತೇವೆ’ ಎಂದಷ್ಟೇ ಹೇಳಿದರೆ, ಇನ್ನೊಂದು ಅಂಗಡಿಯಲ್ಲಿ ವಿಚಾರಿಸುವುದು ಒಳ್ಳೆಯದು.