ಒಲವು ಶ್ರೇಣಿಯೇ ಇರಲಿ, ‘ತಿದ್ದುವ’ ಹಕ್ಕು ಯಾರಿಗೂ ಇಲ್ಲ

ಲೈಂಗಿಕ ಒಲವು ಎರಡು ಮೂರು ಖಾನೆಗಳಲ್ಲಿ ಮುಗಿಯುತ್ತದೆಯೇ, ಒಂದರೊಳಗೊಂದು ಬೆರೆಯುತ್ತ ಸಾಗುವ ಶ್ರೇಣಿಯೇ? ಈ ವಾದ ಸಂಶೋಧಕರಿಗಷ್ಟೇ ಸೇರಿದ್ದಲ್ಲ. ‘ಗಟ್ಟಿ ಗಡಿಯೇ ಇಲ್ಲವೆಂದರೆ ನಿಮ್ಮ ಮಗನನ್ನು ಸರಿದಾರಿಗೆ ತರಬಹುದಲ್ಲ’ ಎಂದು ಹೆತ್ತವರ ಕಿವಿಯೂದುವವರಿದ್ದಾರೆ. ಅದಕ್ಕೆ ಹೆದರಿ, ಸಲಿಂಗಪ್ರೇಮಿಗಳ ಪರ ನಿಂತ ಕೆಲವರೂ ಖಾನೆಗಳನ್ನೇ ಬಿಗಿಹಿಡಿಯುತ್ತಾರೆ. ಆ ಹೆದರಿಕೆ ಬೇಕಿಲ್ಲ.

ಖಾನೆಗಳ ಹಟಕ್ಕೆ ಬೆಲೆ ತೆತ್ತವರು ನಡುವಿನವರು. ಅಮೆರಿಕದ ಸಂಶೋಧಕ ಆಲ್ಫ್ರೆಡ್ ಕಿನ್ಸೆ 1948ರಲ್ಲೇ, ಸಂಪೂರ್ಣ ವಿರುದ್ಧಲಿಂಗ ಒಲವಿಗೆ ಸೊನ್ನೆ, ಸಂಪೂರ್ಣ ಸಲಿಂಗ ಒಲವಿಗೆ ಆರು ಎಂಬ ಮಾಪಕ ಮುಂದಿಟ್ಟಿದ್ದರು. ಆದರೂ 2005ರಲ್ಲಿ ಮನೋವಿಜ್ಞಾನಿ ಮೈಕೆಲ್ ಬೈಲಿ ಅವರ ತಂಡ ಗಂಡಸರ ದೈಹಿಕ ಉದ್ರೇಕವನ್ನು ಅಳೆದು, ದ್ವಿಲಿಂಗಿ ಒಲವು ಗಂಡಸರಲ್ಲಿ ಇದೆಯೆಂಬುದೇ ಇನ್ನೂ ಸಾಬೀತಾಗಬೇಕು ಎಂದಿತು. ಎರಡೂ ಕಡೆ ಒಲವಿದೆ ಎಂದವರು ಸುಳ್ಳುಗಾರರೆನಿಸಿಕೊಂಡರು. 2020ರಲ್ಲಿ ಎಂಟು ಅಧ್ಯಯನಗಳ ಮಾಹಿತಿಯನ್ನು ಒಟ್ಟುಗೂಡಿಸಿದಾಗ ಆ ಒಲವಿಗೆ ಪುರಾವೆ ಸಿಕ್ಕಿತು. ಆ ವರದಿಗೆ ಸಹಿ ಹಾಕಿದವರಲ್ಲಿ ಬೈಲಿಯೂ ಒಬ್ಬರು.

2019ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ, ನಾಲ್ಕೂವರೆ ಲಕ್ಷಕ್ಕೂ ಹೆಚ್ಚು ಜನರ ವಂಶವಾಹಿ ಅಧ್ಯಯನಕ್ಕೆ ‘ಸಲಿಂಗ ಜೀನ್’ ಎಂಬುದೊಂದು ಸಿಗಲಿಲ್ಲ. ಚಿಕ್ಕಚಿಕ್ಕ ಪ್ರಭಾವದ ಅನೇಕ ಅಂಶಗಳು ಕಂಡವು. ಕಿನ್ಸೆಯ ಒಂದೇ ಗೆರೆಯೂ ಈ ವೈವಿಧ್ಯಕ್ಕೆ ಸಾಲದು ಎಂದರು ಸಂಶೋಧಕರು. ಖಾನೆವಾದಕ್ಕೆ ವಿಜ್ಞಾನದ ಬೆಂಬಲ ತೆಳುವಾಗುತ್ತಲೇ ಇದೆ.

ಹಾಗಾದರೆ ಒಲವನ್ನು ತಿದ್ದಬಹುದೇ? ಖಂಡಿತ ಇಲ್ಲ. ಊರವರ ಎತ್ತರ ಅಳೆದರೆ ಕುಳ್ಳರು ಎಲ್ಲಿ ಮುಗಿದು ಉದ್ದನೆಯವರು ಎಲ್ಲಿ ಶುರುವಾದರೆಂದು ಗೆರೆ ಎಳೆಯಲಾಗದು. ಹಾಗೆಂದು ಕುಳ್ಳನನ್ನು ಜಗ್ಗಿ ಉದ್ದ ಮಾಡಲಾದೀತೇ? ಕೆಲವರ ಒಲವು ವರ್ಷಗಳುರುಳಿದಂತೆ ತಾನಾಗಿ ಬದಲಾಗುವುದುಂಟು. ಮಹಿಳೆಯರನ್ನು ದೀರ್ಘಕಾಲ ಗಮನಿಸಿದ ಮನೋವಿಜ್ಞಾನಿ ಲೀಸಾ ಡೈಮಂಡ್ ಅದನ್ನು ದಾಖಲಿಸಿದ್ದಾರೆ. ತಾನಾಗಿ ಬದಲಾಗುವುದು ಬೇರೆ, ಬಲವಂತದಿಂದ ಬದಲಾಯಿಸುವುದು ಬೇರೆ. ಎರಡನೆಯದು ಚಿಕಿತ್ಸೆಯಲ್ಲ, ಹಿಂಸೆ.

ಸಲಿಂಗ ಸಂಬಂಧವನ್ನು ಅಪರಾಧವೆಂದಿದ್ದ 377ನೇ ಕಲಮಿನ ವಿಚಾರದಲ್ಲಿ ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 6ರಂದು ಎತ್ತಿಹಿಡಿದದ್ದು ಘನತೆ, ಖಾಸಗಿತನ, ಸಮಾನತೆಗಳನ್ನು. ಇವು ಮಾಪಕದ ಆರರಲ್ಲಿರುವವರಿಗೂ ಮೂರರಲ್ಲಿರುವವರಿಗೂ ಸಮಾನ. ಮದ್ರಾಸ್ ಹೈಕೋರ್ಟ್ ಆದೇಶದ ಬಳಿಕ, 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಒಲವನ್ನು ಬದಲಾಯಿಸಹೊರಡುವ ‘ಪರಿವರ್ತನಾ ಚಿಕಿತ್ಸೆ’ಯನ್ನು ವೃತ್ತಿ ದುರ್ನಡತೆ ಎಂದು ಸಾರಿ, ಕ್ರಮ ಜರುಗಿಸುವ ಹೊಣೆಯನ್ನು ರಾಜ್ಯಗಳ ವೈದ್ಯಕೀಯ ಪರಿಷತ್ತುಗಳಿಗೆ ಒಪ್ಪಿಸಿದೆ. ನಮ್ಮ ರಾಜ್ಯದ ಪರಿಷತ್ತು ಆ ಸೂಚನೆಯನ್ನು ಪ್ರತಿ ಆಸ್ಪತ್ರೆಯಲ್ಲೂ ಕನ್ನಡದಲ್ಲಿ ತೂಗುಹಾಕಿಸಲಿ, ಉಲ್ಲಂಘಿಸಿದವರ ನೋಂದಣಿಗೆ ಕೈಹಾಕಲಿ. ಒಲವಿನ ವಿನ್ಯಾಸ ಎಂಥದೆಂಬ ಚರ್ಚೆ ಸಂಶೋಧಕರ ನಡುವೆ ಎಷ್ಟು ಕಾಲವಾದರೂ ನಡೆಯಲಿ. ಅದು ಮುಗಿಯುವವರೆಗೆ ಕಾಯಬೇಕಾದ ಗತಿ ಯಾವ ಮಗುವಿಗೂ ಬರಬಾರದು.