ಫಾರ್ಮ್ಯಾಟ್ ಹೊಡೆಸುವ ಮುಂಚೆ

ನರಗುಂದದಿಂದ ಒಬ್ಬ ತಾಯಿ ಪತ್ರ ಬರೆದಿದ್ದಾರೆ. ಅವರ ಮನೆಯ ಕಂಪ್ಯೂಟರಿನಲ್ಲಿ ತಾರೀಖು ನಿಲ್ಲುವುದಿಲ್ಲವಂತೆ. ಇವತ್ತು ಸರಿ ಮಾಡಿದರೆ ನಾಳೆ ಬೆಳಿಗ್ಗೆ ಮತ್ತೆ ಹತ್ತು ವರ್ಷ ಹಿಂದೆ. ಮಗನ ಸ್ಕಾಲರ್‌ಶಿಪ್ ಅರ್ಜಿ ತುಂಬಲು ಹೋದರೆ ‘ಈ ಸಂಪರ್ಕ ಸುರಕ್ಷಿತವಲ್ಲ’ ಎಂಬ ಎಚ್ಚರಿಕೆ ಬರುತ್ತದೆ. ಅಂಗಡಿಯ ಹುಡುಗ ನೋಡಿ, “ವೈರಸ್ ಬಡದೈತ್ರೀ, ಫಾರ್ಮ್ಯಾಟ್ ಹೊಡೀಬೇಕು” ಎಂದನಂತೆ. ಹೊಡೆಸಲೇ ಎಂದು ಕೇಳಿದ್ದಾರೆ.

ಬೇಡ ತಾಯಿ. ಮದರ್‌ಬೋರ್ಡಿನ ಮೇಲೆ ಒಂದು ರೂಪಾಯಿ ನಾಣ್ಯದಷ್ಟು ಅಗಲದ ಸೆಲ್ ಇರುತ್ತದೆ. ಅದರ ಮೇಲೆ ಸಿಆರ್ 2032 ಎಂದು ಬರೆದಿರುತ್ತದೆ, 3 ವೋಲ್ಟಿನದು. ಕರೆಂಟ್ ಇಲ್ಲದಾಗ ಗಡಿಯಾರ ನಡೆಸುವುದು ಅದರ ಕೆಲಸ. ಕೆಲವು ವರ್ಷಕ್ಕೆ ಅದು ಸೋಲುತ್ತದೆ. ನಿಮ್ಮಲ್ಲಿ ಆಗಿರುವುದು ಅದೇ.

ಇದಕ್ಕೂ ವೆಬ್‌ಸೈಟಿಗೂ ಏನು ಸಂಬಂಧ? ಮಕ್ಕಳೇ, ನಿಮ್ಮ ಬಸ್ ಪಾಸಿನ ಮೇಲೆ ಇಂಥ ದಿನದಿಂದ ಇಂಥ ದಿನದವರೆಗೆ ಎಂದು ಬರೆದಿರುತ್ತದಲ್ಲ, ಹಾಗೆಯೇ ಪ್ರತಿ ಸುರಕ್ಷಿತ ವೆಬ್‌ಸೈಟಿಗೂ ಒಂದು ಪ್ರಮಾಣಪತ್ರ ಇರುತ್ತದೆ. ಪಾಸು ಸರಿಯಾಗಿದ್ದರೂ ಕಂಡಕ್ಟರನ ಕೈಯಲ್ಲಿರುವ ಕ್ಯಾಲೆಂಡರ್ ಹಳೆಯದಾದರೆ ‘ಇದು ನಡೆಯೋದಿಲ್ಲ, ಇಳಿ’ ಎನ್ನುತ್ತಾನೆ. ಬ್ರೌಸರ್ ಮಾಡುವುದೂ ಅದನ್ನೇ.

ಕಂಪ್ಯೂಟರ್ ಬಂದ್ ಮಾಡಿ, ಪಿನ್ ಕಿತ್ತು, ಪವರ್ ಗುಂಡಿಯನ್ನು ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ. ಪಕ್ಕದ ತಗಡು ಬಿಚ್ಚಿ, ಸೆಲ್ಲಿನ ಯಾವ ಮೈ ಮೇಲಿದೆ ಎಂದು ನೋಡಿಕೊಂಡು, ಕ್ಲಿಪ್ ಸರಿಸಿ ಹೊಸದನ್ನು ಕೂರಿಸಿ. ಗಡಿಯಾರದ ಅಂಗಡಿಯಲ್ಲೂ ಈ ಸೆಲ್ ಸಿಗುತ್ತದೆ. ಆಮೇಲೆ ತಾರೀಖು ಒಮ್ಮೆ ಸರಿ ಮಾಡಿದರೆ ಸಾಕು. ಲ್ಯಾಪ್‌ಟಾಪ್ ಆದರೆ ನೀವೇ ಬಿಚ್ಚಬೇಡಿ.

ಅಂಗಡಿಯ ಹುಡುಗರನ್ನು ನಾನು ಬೈಯುವುದಿಲ್ಲ. ಸಾಲಾಗಿ ಹತ್ತು ಕಂಪ್ಯೂಟರ್ ಬಂದು ಕೂತಿರುತ್ತವೆ. ಒಂದೊಂದರ ರೋಗ ಹುಡುಕುವುದಕ್ಕಿಂತ ಎಲ್ಲ ಒರೆಸಿ ಹೊಸದಾಗಿ ವಿಂಡೋಸ್ ಹಾಕುವುದು ಅವರಿಗೆ ಸಲೀಸು. ಆದರೆ ನಮ್ಮ ರೋಣ, ನರಗುಂದ, ಗಜೇಂದ್ರಗಡದ ಕಡೆ ಕಂಪ್ಯೂಟರಿಗೆ ಬರುವ ರೋಗಗಳಲ್ಲಿ ಹೆಚ್ಚಿನವು ದೂಳಿನವು, ಇಲ್ಲವೇ ಕರೆಂಟಿನವು. ಫಾರ್ಮ್ಯಾಟಿನಿಂದ ದೂಳು ಹೋಗುವುದಿಲ್ಲ.

ನಮ್ಮದು ಎರಿ ಭೂಮಿ. ಕಡಲೆ ಒಕ್ಕುವ ಕಾಲದಲ್ಲಿ ಕಿಟಕಿ ಮುಚ್ಚಿದರೂ ಮೇಜಿನ ಮೇಲೆ ಬೆರಳಾಡಿಸಿದರೆ ಗೆರೆ ಮೂಡುತ್ತದೆ. ಗಜೇಂದ್ರಗಡದ ಮಗ್ಗದ ಮನೆಗಳಲ್ಲಿ ಇದರ ಜೊತೆಗೆ ನೂಲಿನ ಜುಂಗು. ಇವೆರಡೂ ಸೇರಿ ಪ್ರೊಸೆಸರಿನ ಮೇಲಿರುವ ಫ್ಯಾನಿನ ಅಡಿಯಲ್ಲಿ ಕಂಬಳಿಯಂತೆ ಕೂರುತ್ತವೆ. ಬಿಸಿ ಹೊರಗೆ ಹೋಗದೆ ಕಂಪ್ಯೂಟರ್ ಮೊದಲು ನಿಧಾನವಾಗುತ್ತದೆ, ಆಮೇಲೆ ಕಾಲು ಗಂಟೆಗೊಮ್ಮೆ ತಾನೇ ಆರುತ್ತದೆ. ಅದು ಕೆಟ್ಟು ಆರುವುದಲ್ಲ, ಸುಟ್ಟುಹೋಗದಿರಲಿ ಎಂದು ಆರುವುದು. ಬೇಸಿಗೆಯಲ್ಲಿ ಮಾತ್ರ ಹೀಗಾಗುತ್ತಿದ್ದರೆ ಅನುಮಾನವೇ ಬೇಡ.

ಮೂರು ನಾಲ್ಕು ತಿಂಗಳಿಗೊಮ್ಮೆ ಅಂಗಳಕ್ಕೆ ಒಯ್ದು, ಒಣ ಬ್ರಶ್ ಮತ್ತು ಬ್ಲೋವರಿನಿಂದ ಸ್ವಚ್ಛ ಮಾಡಿ. ಗಾಳಿ ಊದುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದಿರಬೇಕು, ಭರ್ರನೆ ತಿರುಗಲು ಬಿಟ್ಟರೆ ಬೇರಿಂಗ್ ಹಾಳಾಗುತ್ತದೆ. ಒದ್ದೆ ಬಟ್ಟೆ ಮುಟ್ಟಿಸಬೇಡಿ. ಕಂಪ್ಯೂಟರ್ ಶುರುವಾಗದೆ ಬೀಪ್ ಬೀಪ್ ಎನ್ನುತ್ತ ಪರದೆ ಕಪ್ಪಾಗಿಯೇ ಉಳಿದರೆ, ಬಹಳ ಸಲ ಅದು ರ್‍ಯಾಮ್ ಪಟ್ಟಿಯ ತಕರಾರು. ಪಿನ್ ಕಿತ್ತ ಮೇಲೆ ಅದನ್ನು ತೆಗೆದು, ಬಂಗಾರ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ತಿಕ್ಕಿ, ಪುಡಿ ಒರೆಸಿ, ಟಕ್ ಎನ್ನುವಂತೆ ಕೂರಿಸಿ. ಒಳಗೆ ಕೈ ಹಾಕುವ ಮುಂಚೆ ಪೆಟ್ಟಿಗೆಯ ಬರಿ ತಗಡನ್ನು ಒಮ್ಮೆ ಮುಟ್ಟಿ. ಮೈಯಲ್ಲಿನ ಸ್ಥಿರ ವಿದ್ಯುತ್ತು ಅಲ್ಲಿಗೇ ಇಳಿಯುತ್ತದೆ.

ಪೆಟ್ಟಿಗೆ ಮುಟ್ಟಿದರೆ ಜುಮ್ ಎನ್ನುತ್ತದೆಯೇ? ಅರ್ಥಿಂಗ್ ಸರಿಯಿಲ್ಲ. ಎಲೆಕ್ಟ್ರಿಷಿಯನ್ ಕರೆಸಿ, ಮುಂದೂಡಬೇಡಿ. ಯುಪಿಎಸ್ ಇರುವುದು ಮಾಡುತ್ತಿದ್ದ ಕೆಲಸ ಸೇವ್ ಮಾಡಿ ಬಂದ್ ಮಾಡುವುದಕ್ಕೆ, ಸಿನಿಮಾ ಮುಗಿಸುವುದಕ್ಕಲ್ಲ. ಗುಡುಗು ಶುರುವಾದರೆ ಸ್ವಿಚ್ ಆರಿಸಿದರೆ ಸಾಲದು, ಪಿನ್ನನ್ನೇ ಕೀಳಬೇಕು, ಇಂಟರ್ನೆಟ್ಟಿನ ವೈರನ್ನೂ.

ಇನ್ನು ಫಾರ್ಮ್ಯಾಟ್ ಹೊಡೆಸಲೇಬೇಕಾಗಿ ಬಂದರೆ? ಕೆಲವು ಸಲ ಬರುತ್ತದೆ. ಆಗ ಅಂಗಡಿಯವರು ಧೈರ್ಯ ಹೇಳುವ ಮಾತು ಒಂದಿದೆ: “ಸಿ ಅಷ್ಟ ಹೊಡಿತೀನ್ರಿ, ಡಿ ಮುಟ್ಟೋದಿಲ್ಲ.” ಕೇಳಲು ಹಿತವಾಗಿದೆ. ಆದರೆ ಬಹುತೇಕ ಮನೆಗಳಲ್ಲಿ ಡೆಸ್ಕ್‌ಟಾಪ್ ಮೇಲಿಟ್ಟದ್ದು, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್, ಪಿಕ್ಚರ್ಸ್ ಎಲ್ಲವೂ ಇರುವುದು ಸಿ ಡ್ರೈವಿನಲ್ಲೇ. ಮದುವೆಯ ಫೋಟೊ ಡೆಸ್ಕ್‌ಟಾಪ್ ಮೇಲೆ ಕಾಣುತ್ತಿದೆ, ಅದು ಡಿ ಅಲ್ಲ.

ರೋಣ ತಾಲೂಕಿನ ಒಬ್ಬ ನಿವೃತ್ತ ಮಾಸ್ತರರು ಹಳ್ಳಿ ಹಳ್ಳಿ ತಿರುಗಿ ಹೆಣ್ಣುಮಕ್ಕಳ ಬಾಯಿಂದ ಬೀಸುವ ಪದ, ಸೋಬಾನ ಪದ ಕೇಳಿ ಬರೆದುಕೊಂಡು, ಮನೆಯ ಕಂಪ್ಯೂಟರಿನಲ್ಲಿ ತಾವೇ ಟೈಪ್ ಮಾಡಿ ಇಟ್ಟಿದ್ದರು. ಮಗ ಹೊಸ ಕಂಪ್ಯೂಟರ್ ತಂದ. ಫೈಲುಗಳನ್ನು ಅದಕ್ಕೆ ಹಾಕಿ ತೆರೆದರೆ ಒಂದು ಕನ್ನಡ ಅಕ್ಷರವಿಲ್ಲ. ಪುಟದ ತುಂಬ ಇಂಗ್ಲಿಷ್ ಅಕ್ಷರ, ಮೇಲೆ ಚುಕ್ಕಿ, ಪಕ್ಕದಲ್ಲಿ ಗೀಟು, ಅರ್ಥವಿಲ್ಲದ ಚಿಹ್ನೆ. ನೋಡಿದವರು ಯಾರೋ ಫೈಲ್ ಕರಪ್ಟ್ ಆಗಿವೆ, ಅಳಿಸಿಬಿಡಿ ಎಂದರು. ಹಳೆಯ ಕಂಪ್ಯೂಟರ್ ಅಷ್ಟರಲ್ಲಿ ಗುಜರಿಗೆ ಹೊರಟಿತ್ತು. ಹಾಡಿದ ಮುದುಕಿಯರಲ್ಲಿ ಈಗ ಇಬ್ಬರೋ ಮೂವರೋ ಉಳಿದಿದ್ದಾರೆ. ಮತ್ತೆ ಹೋಗಿ ಕೇಳುವ ಮಾತಿಲ್ಲ.

“ಫೈಲ್ ಕೆಟ್ಟಿಲ್ರೀ ಮಾಸ್ತರ್ರ, ಫಾಂಟ್ ಇಲ್ಲ ಅಷ್ಟ” ಎಂದೆ. ಅವರು ನಂಬಲಿಲ್ಲ.

ಆದದ್ದು ಇಷ್ಟು. ಹಿಂದೆ ನುಡಿ, ಬರಹ ತಂತ್ರಾಂಶಗಳಲ್ಲಿ ಟೈಪ್ ಮಾಡಿದಾಗ, ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ಅಕ್ಷರ, ಕೊಂಬು, ಒತ್ತುಗಳನ್ನು ಕೂರಿಸುತ್ತಿದ್ದರು. ಆ ಫಾಂಟ್ ಇದ್ದರೆ ಕನ್ನಡ ಕಾಣುತ್ತದೆ, ಇಲ್ಲದಿದ್ದರೆ ಅಡಿಯಲ್ಲಿರುವ ಇಂಗ್ಲಿಷ್ ಚಿಹ್ನೆಗಳು ಇಣುಕುತ್ತವೆ. ಈಗಿನ ಯೂನಿಕೋಡಿನಲ್ಲಿ ಕನ್ನಡಕ್ಕೆ ತನ್ನದೇ ಸ್ಥಾನ ಇರುವುದರಿಂದ ಈ ತೊಡಕಿಲ್ಲ. ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶ ಹಾಕಿ, ಎಲ್ಲ ಸಾಲುಗಳನ್ನೂ ಆಯ್ದು ನುಡಿ ಫಾಂಟ್ ಕೊಟ್ಟ ಕೂಡಲೇ ಬೀಸುವ ಪದ ಎದ್ದು ಬಂತು. ಮಾಸ್ತರರು ಮೊದಲ ಪುಟವನ್ನು ಗಟ್ಟಿಯಾಗಿ ಓದಿಯೇ ಓದಿದರು. ಆಮೇಲೆ ಪರಿವರ್ತಕದಿಂದ ಯೂನಿಕೋಡಿಗೆ ಬದಲಿಸಿದೆವು. ಪರಿವರ್ತಕ ಎಲ್ಲವನ್ನೂ ಸರಿಯಾಗಿ ತರುತ್ತದೆ ಎಂದು ನಂಬಬೇಡಿ. ಅರ್ಕಾವತ್ತು, ಒತ್ತಕ್ಷರಗಳನ್ನು ಕಣ್ಣಿಟ್ಟು ನೋಡಿ, ಮೂಲ ಫೈಲನ್ನೂ ಇಟ್ಟುಕೊಳ್ಳಿ. ಇಂಥ ಹಳೆಯ ಫೈಲು ಅನೇಕ ಮನೆಗಳಲ್ಲಿ ಇರಬಹುದು: ಲಗ್ನಪತ್ರಿಕೆ, ಸಂಘದ ಠರಾವು, ಅಪ್ಪನ ಕವಿತೆ. ಕಸವೆಂದು ಎಸೆಯುವ ಮುಂಚೆ ಫಾಂಟ್ ಹಾಕಿ ನೋಡಿ.

ನಾನಿದ್ದ ಬ್ಯಾಂಕಿನಲ್ಲಿ ಕಂಪ್ಯೂಟರ್ ಬಂದ ಹೊಸದರಲ್ಲಿ ಸಂಜೆ ಲೆಕ್ಕ ಮುಗಿಸಿದ ಮೇಲೆ ಪ್ರತಿ ಎತ್ತಿಡದೆ ಮನೆಗೆ ಹೋಗುವಂತಿರಲಿಲ್ಲ, ಮತ್ತು ಆ ಪ್ರತಿ ಅದೇ ಕಟ್ಟಡದಲ್ಲಿ ಉಳಿಯುವಂತಿರಲಿಲ್ಲ. ಮನೆಗೂ ಅದೇ ರೂಢಿ ಸಾಕು. ಒಂದು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕಿಗೆ ತಿಂಗಳಿಗೊಮ್ಮೆ ಪ್ರತಿ ಮಾಡಿ, ಕೂಡಲೇ ಕಳಚಿ ಕಪಾಟಿನಲ್ಲಿಡಿ. ಸಿಕ್ಕಿಸಿಯೇ ಇಟ್ಟರೆ ವೈರಸ್ಸೋ ಸಿಡಿಲೋ ಬಂದಾಗ ಎರಡೂ ಒಟ್ಟಿಗೆ ಹೋಗುತ್ತವೆ. ಇನ್ನೊಂದು ಪ್ರತಿ ಮಗಳ ಮನೆಯಲ್ಲಿರಲಿ, ಇಲ್ಲವೇ ಇಂಟರ್ನೆಟ್ಟಿನ ಡ್ರೈವಿನಲ್ಲಿರಲಿ. ಪೆನ್ ಡ್ರೈವ್ ಒಯ್ಯುವುದಕ್ಕೆ ಸರಿ, ಕಾಪಿಡುವುದಕ್ಕಲ್ಲ. ಪ್ರತಿ ಮಾಡಿದ ಮೇಲೆ ಬೇರೊಂದು ಕಂಪ್ಯೂಟರಿನಲ್ಲಿ ನಾಲ್ಕು ಫೈಲು ತೆರೆದು ನೋಡಿ, ತೆರೆಯದ ಪ್ರತಿ ಇದ್ದೂ ಇಲ್ಲದಂತೆ.

ಪ್ರತಿ ಇಲ್ಲದವರ ಹಾರ್ಡ್ ಡಿಸ್ಕಿನಿಂದ ಟಿಕ್ ಟಿಕ್ ಸಪ್ಪಳ ಬರತೊಡಗಿದರೆ ಮತ್ತೆ ಮತ್ತೆ ಚಾಲೂ ಮಾಡಿ ನೋಡಬೇಡಿ. ಒಳಗೆ ತಟ್ಟೆ ನಿಮಿಷಕ್ಕೆ 5400 ಇಲ್ಲವೇ 7200 ಸುತ್ತು ತಿರುಗುತ್ತಿರುತ್ತದೆ. ಓದುವ ಮುಳ್ಳು ಅದಕ್ಕೆ ತಾಗುತ್ತಿದ್ದರೆ ಪ್ರತಿ ಸಲವೂ ಒಂದಿಷ್ಟು ಕೆರೆದುಹೋಗುತ್ತದೆ. ಆ ಕ್ಷಣವೇ ಆರಿಸಿ, ಡೇಟಾ ರಿಕವರಿ ಬಲ್ಲವರ ಬಳಿಗೆ ಒಯ್ಯಿರಿ.

ಪ್ರಿಂಟರಿನ ಶಾಯಿ ಒಣಗುವ ಬಗ್ಗೆ ಗಜೇಂದ್ರಗಡದಿಂದ ಎರಡು ಪತ್ರ ಬಂದಿವೆ. ಅದು ಮುಂದಿನ ವಾರ.