ಗೋಡೆ ನಮ್ಮದು, ನೋಟ ಯಾರದು?



ಕಳೆದ ತಿಂಗಳು ಬೆಂಗಳೂರಿನಿಂದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಫೋನು ಮಾಡಿದ್ದ. ಹೊಳವನಹಳ್ಳಿಯಲ್ಲಿ ಕಿಟಕಿಯ ಪಕ್ಕ ಕುಳಿತು, ಪಾಠಕ್ಕಿಂತ ಹೆಚ್ಚಾಗಿ ಹೊರಗೇ ನೋಡುತ್ತಿದ್ದ ಹುಡುಗ. ಈಗ ಮುಖ್ಯರಸ್ತೆಯೊಂದರಲ್ಲಿ ನಾಲ್ಕಂತಸ್ತಿನ ಕಟ್ಟಡದ ಒಡೆಯ. ಅದರ ತಾರಸಿಯ ಮೇಲೆ 40 ಅಡಿ ಅಗಲ, 20 ಅಡಿ ಎತ್ತರದ ಜಾಹೀರಾತು ಫಲಕ ನಿಲ್ಲಿಸಲು ಮಧ್ಯವರ್ತಿಯೊಬ್ಬ ಬಂದಿದ್ದನಂತೆ. ಪರವಾನಗಿಯ ಚಿಂತೆ ನಿಮಗೆ ಬೇಡ ಎಂದನಂತೆ. "ಮೇಷ್ಟ್ರೇ, ಸಾಲದ ಕಂತು ಆ ಬಾಡಿಗೆಯಲ್ಲೇ ತೀರುತ್ತದೆ. ಒಪ್ಪಿಕೊಳ್ಳಲೇ?" ಎಂದು ಕೇಳಿದ. ಆಗ ಉತ್ತರ ಹೊಳೆಯಲಿಲ್ಲ. ಆಮೇಲೆ ಯೋಚಿಸಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಅವನೂ ಓದುತ್ತಾನೆಂದು ಬಲ್ಲೆ.

ಮೊದಲಿಗೆ ನನ್ನದೇ ಒಂದು ತಪ್ಪೊಪ್ಪಿಗೆ. ರಸ್ತೆಗೆ ಮುಖ ಮಾಡಿದ್ದ ನಮ್ಮ ಮನೆಯ ಗೋಡೆಯ ಮೇಲೆ ಬಹಳ ವರ್ಷಗಳ ಹಿಂದೆ ರಸಗೊಬ್ಬರದ ಜಾಹೀರಾತು ಬರೆಯಲು ನಾನೇ ಒಪ್ಪಿಗೆ ಕೊಟ್ಟಿದ್ದೆ. ಪ್ರತಿಫಲವೆಂದರೆ ಇಡೀ ಗೋಡೆಗೆ ಪುಕ್ಕಟೆ ಸುಣ್ಣ. ಬರೆಯುವಾತ ದಾರಕ್ಕೆ ಬಣ್ಣದ ಪುಡಿ ಹಚ್ಚಿ, ಎಳೆದು ಬಿಟ್ಟು ಗೆರೆ ಮೂಡಿಸಿ, ಒಂದೊಂದೇ ಅಕ್ಷರ ತುಂಬುತ್ತಿದ್ದರೆ ಮಕ್ಕಳು ಊಟ ಮರೆತು ನೋಡುತ್ತಿದ್ದರು. ಗೊಬ್ಬರದ ಬ ಒತ್ತು ಬಿಟ್ಟುಹೋಗಿತ್ತು. ನಾನೇ ನಿಂತು ತಿದ್ದಿಸಿದೆ. ಕೆಲವು ಮಳೆಗಾಲಗಳಲ್ಲಿ ಅದು ಮಾಸಿತು. ಹೀಗಾಗಿ ಜಾಹೀರಾತೇ ಕೆಟ್ಟದ್ದೆಂದು ಹೇಳುವ ಹಕ್ಕು ನನಗಿಲ್ಲ.

ಆದರೆ ಆ ಗೋಡೆಯ ಬರಹ ಯಾರ ಬೆಳಕಿಗೂ ಅಡ್ಡ ನಿಂತಿರಲಿಲ್ಲ. ಬೆಂಗಳೂರಿನಲ್ಲಿ ಬಂಧುವೊಬ್ಬರ ಮನೆಯಲ್ಲಿ ಉಳಿದಿದ್ದಾಗ ಕೋಣೆಯ ಕಿಟಕಿಯಿಂದ ಕಾಣುತ್ತಿದ್ದುದು ಎದುರು ಕಟ್ಟಡದ ಫಲಕದ ಬೆನ್ನು ಮಾತ್ರ: ತುಕ್ಕು ಹಿಡಿದ ಕಬ್ಬಿಣದ ಚೌಕಟ್ಟು, ತೂಗಾಡುವ ತಂತಿಗಳು. ರಾತ್ರಿ ಅದರ ದೀಪಗಳ ಬೆಳಕು ಹಾಸಿಗೆಯವರೆಗೆ ಬರುತ್ತಿತ್ತು. ಬಾಡಿಗೆ ಎದುರು ಮನೆಯವರಿಗೆ, ನಿದ್ದೆಗೇಡು ಇವರಿಗೆ.

ಇನ್ನು ಲೆಕ್ಕ. ಗಂಟೆಗೆ 100 ಕಿ.ಮೀ. ವೇಗದ ಗಾಳಿ ಎದುರಾದ ಒಂದು ಚದರ ಮೀಟರಿನ ಮೇಲೆ ಸುಮಾರು 47 ಕಿಲೋ ತೂಕದಷ್ಟು ಒತ್ತಡ ಹೇರುತ್ತದೆ. ನಮ್ಮ ಹುಡುಗನ ಫಲಕ 800 ಚದರ ಅಡಿ, ಅಂದರೆ ಸುಮಾರು 74 ಚದರ ಮೀಟರು. ಗುಣಿಸಿದರೆ ಮೂರೂವರೆ ಟನ್ ಮುಟ್ಟುತ್ತದೆ. ಗಾಳಿಯ ವೇಗ ಇಮ್ಮಡಿಯಾದರೆ ಒತ್ತಡ ನಾಲ್ಮಡಿ! 2024ರ ಮೇ 13ರಂದು ಮುಂಬಯಿಯ ಘಾಟ್ಕೋಪರಿನಲ್ಲಿ ಬಿರುಗಾಳಿಗೆ ಪೆಟ್ರೋಲ್ ಬಂಕಿನ ಮೇಲೆ ಉರುಳಿ 17 ಜೀವಗಳನ್ನು ಬಲಿತೆಗೆದುಕೊಂಡ ಫಲಕದ ಅಳತೆ 120 ಅಡಿಗೆ 120 ಅಡಿ. ಅಲ್ಲಿನ ಪಾಲಿಕೆಯ ಮಿತಿ 40ಕ್ಕೆ 40. ಬದಿ ಮೂರು ಪಟ್ಟಾದರೆ ವಿಸ್ತೀರ್ಣ ಒಂಬತ್ತು ಪಟ್ಟು ಎಂಬುದು ಏಳನೆಯ ತರಗತಿಯ ಲೆಕ್ಕ. ಅಲ್ಲಿಯೂ ಯಾರೋ ಒಬ್ಬರು ಪರವಾನಗಿಯ ಚಿಂತೆ ಬೇಡ ಎಂದಿರಬೇಕು.

ನಮ್ಮಲ್ಲಿ ಕಾನೂನಿಲ್ಲವೆಂದಲ್ಲ. ತೆರೆದ ಸ್ಥಳಗಳನ್ನು ವಿರೂಪಗೊಳಿಸುವುದನ್ನು ತಡೆಯಲು 1981ರಷ್ಟು ಹಿಂದೆಯೇ ರಾಜ್ಯದಲ್ಲಿ ಅಧಿನಿಯಮ ಬಂತು. 2018ರ ಆಗಸ್ಟಿನಲ್ಲಿ ಹೈಕೋರ್ಟು ಚಾಟಿ ಬೀಸಿದ ಮೇಲೆ ಬೆಂಗಳೂರಿನ ಫ್ಲೆಕ್ಸುಗಳು ರಾತ್ರಿ ಹಗಲೆನ್ನದೆ ಕೆಳಗಿಳಿದವು. ಹಲವು ಕಡೆ ಬರಿಯ ಅಸ್ಥಿಪಂಜರಗಳು ಉಳಿದವು. 2024ರಲ್ಲಿ ಜಾಹೀರಾತಿಗೆ ಮತ್ತೆ ದಾರಿ ತೆರೆಯುವ ಉಪವಿಧಿಗಳ ಕರಡು ಹೊರಬಂತು. ಪಾಲಿಕೆಗೂ ವರಮಾನ ಬೇಕು, ಒಪ್ಪುತ್ತೇನೆ. ಬ್ರೆಜಿಲಿನ ಸಾವೊ ಪೌಲೊ ನಗರ ಮಾತ್ರ 2007ರಿಂದ ಹೊರಾಂಗಣ ಜಾಹೀರಾತು ಫಲಕಗಳನ್ನೇ ನಿಷೇಧಿಸಿತು. ಅದರಿಂದ ಅಲ್ಲಿನ ವ್ಯಾಪಾರ ನಿಂತುಹೋಗಲಿಲ್ಲ.

ನನಗೆ ಮುಖ್ಯವೆನಿಸುವುದು ಬೇರೆ. ಮಧುಗಿರಿ ಪೇಟೆಯಲ್ಲಿ ತರಕಾರಿ ಮಾರುವವಳಿಗೂ ಅಮಲ್ದಾರರಿಗೂ ಏಕಶಿಲಾ ಬೆಟ್ಟ ಒಂದೇ ತೆರನಾಗಿ ಕಾಣುತ್ತದೆ. ಅದಕ್ಕೆ ಯಾರೂ ಬಾಡಿಗೆ ಕೊಟ್ಟಿಲ್ಲ. ನಾಳೆ ಒಬ್ಬ ತನ್ನ ತಾರಸಿಯ ಮೇಲೆ ಫಲಕ ನಿಲ್ಲಿಸಿ ಅದನ್ನು ಮರೆಮಾಡಿದರೆ, ಅವನು ಮಾರಿದ್ದು ತನ್ನ ತಾರಸಿಯನ್ನೇ, ಊರಿನ ಬೆಟ್ಟವನ್ನೇ?

ಆದ್ದರಿಂದ, ಅಪ್ಪಾ, ಬೇಡ ಎಂಬುದೇ ನನ್ನ ಉತ್ತರ. ಸಾಲದ ಕಂತು ಕಟ್ಟಬೇಕಾದವನು ನೀನು, ನಾನಲ್ಲ. ಅದನ್ನು ಮರೆತು ಬರೆದಿಲ್ಲ. ಏನೇ ತೀರ್ಮಾನ ಮಾಡಿದರೂ ಸಂಕೋಚಪಡದೆ ಫೋನು ಮಾಡು.